ಪದವಿಯ ಜೊತೆಗೊಂದು ಪರಭಾಷೆ

ವಿಶ್ವವಿದ್ಯಾನಿಲಯದ ಪದವಿಯೊಡನೆ ಒಂದು ವಿದೇಶೀ ಭಾಷೆಯನ್ನೂ ಕಲಿತಿರಬೇಕೆಂಬ ಹಂಬಲ ಈಗ ದೊಡ್ಡ ಪಟ್ಟಣಗಳ ಮಕ್ಕಳದಷ್ಟೇ ಆಗಿ ಉಳಿದಿಲ್ಲ. ಮುಂಡರಗಿ ತಾಲ್ಲೂಕಿನ ನಮ್ಮ ಹಿರೇವಡ್ಡಟ್ಟಿಯಂಥ ಊರುಗಳಿಗೂ ಅದು ಬಂದು ಮುಟ್ಟಿದೆ. ಗದಗಿಗೋ ಧಾರವಾಡಕ್ಕೋ ಓದಲು ಹೋದ ಹುಡುಗರು ರಜೆಗೆ ಊರಿಗೆ ಬಂದಾಗ, ಹಿಂದೆ ಪಾಠ ಹೇಳಿದವನೆಂಬ ಸಲಿಗೆಯಿಂದ ನನ್ನನ್ನು ಕಾಣಲು ಬರುವುದುಂಟು. ಮೊದಲೆಲ್ಲ ಅವರು ಬಿ.ಎಡ್. ಒಳ್ಳೆಯದೋ ಬ್ಯಾಂಕಿನ ಪರೀಕ್ಷೆ ಒಳ್ಳೆಯದೋ ಎಂದು ಕೇಳುತ್ತಿದ್ದರು. ಈಗ ಜರ್ಮನ್ ಕಲಿಯುವುದೋ, ಜಪಾನಿ ಕಲಿಯುವುದೋ, ಫ್ರೆಂಚಿಗೆ ಬೆಲೆಯಿದೆಯೋ ಎಂದು ಕೇಳುತ್ತಾರೆ. ಒಬ್ಬನಂತೂ ಸುತ್ತು ಬಳಸಿನ ಮಾತೇ ಬೇಡವೆಂದು, "ಸರ್, ಯಾವ ಭಾಷಾಕ್ಕ ಪಗಾರ ಜಾಸ್ತಿ ಐತ್ರಿ?" ಎಂದು ನೇರವಾಗಿಯೇ ಕೇಳಿದ.

ಈ ಪ್ರಶ್ನೆಯನ್ನು ಕೇಳಿ ನಗುವುದು ಸುಲಭ. ಆದರೆ ನಗುವುದು ನ್ಯಾಯವಲ್ಲ. ಮಳೆಯ ಮೇಲೆ ಕಣ್ಣಿಟ್ಟು ಬದುಕುವ ಮನೆಯಿಂದ ಬಂದ ತರುಣನಿಗೆ ಕಾಲೇಜಿನ ಮೂರು ವರ್ಷಗಳೆಂದರೆ ಅಪ್ಪ ಮಾಡಿದ ಸಾಲದ ಮೂರು ವರ್ಷಗಳು. ಅವುಗಳಲ್ಲಿ ದಿನಕ್ಕೊಂದು ತಾಸನ್ನು ಯಾವುದಕ್ಕೆ ಕೊಡಬೇಕೆಂಬುದು ಅವನಿಗೆ ಹುಡುಗಾಟದ ಮಾತಲ್ಲ. ಆದರೆ ಆ ಪ್ರಶ್ನೆಯಲ್ಲಿಯೇ ಒಂದು ಸ್ವಾರಸ್ಯವಿದೆ. ನಮ್ಮ ಕಡೆ ಸಂಬಳಕ್ಕೆ ಹೇಳುವ 'ಪಗಾರ' ಎಂಬ ಮಾತು ಪೋರ್ಚುಗೀಜರದು. ಹಣ ಸಲ್ಲಿಸು ಎಂಬ ಅರ್ಥದ ಅವರ ಶಬ್ದವೇ ಗೋವೆಯ ದಾರಿಯಿಂದ ಘಟ್ಟ ಹತ್ತಿ ನಮ್ಮ ಬಾಯಲ್ಲಿ ನೆಲಸಿತು. ಬೀಗದ 'ಚಾವಿ', ಪಲ್ಯದ 'ಬಟಾಟಿ', ಇಗರ್ಜಿಯ 'ಪಾದ್ರಿ' ಇವೂ ಅಲ್ಲಿಂದಲೇ ಬಂದವು. ಕಚೇರಿಯಲ್ಲಿ ಆಡುವ ಜಮೀನು, ಜಿಲ್ಲೆ, ವಕೀಲ, ಖರ್ಚು ಮೊದಲಾದವು ಅರಬ್ಬಿ ಪಾರಸಿಗಳ ಕೊಡುಗೆ. ಪರಭಾಷೆ ನಮಗೆ ಹೊಸ ನೆಂಟನೇನೂ ಅಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಅವನು ಬಹುಕಾಲದಿಂದ ಕುಳಿತಿದ್ದಾನೆ. ನಾವು ಅವನ ಹೆಸರು ಕೇಳಿಲ್ಲ, ಅಷ್ಟೆ.

ಇನ್ನು ಪಗಾರದ ಮಾತು. ಭಾಷೆಯ ಪೇಟೆಯ ಬೆಲೆ ಉಳ್ಳಾಗಡ್ಡಿಯ ಬೆಲೆಯಂತೆ; ಬಿತ್ತುವಾಗ ಇದ್ದುದು ಕೀಳುವಾಗ ಇರುವುದಿಲ್ಲ. ಸೋವಿಯತ್ ಒಕ್ಕೂಟ ಗಟ್ಟಿಯಾಗಿದ್ದ ಕಾಲದಲ್ಲಿ ರಷ್ಯನ್ ಭಾಷೆಗೆ ನಮ್ಮ ದೇಶದಲ್ಲಿ ಬಹಳ ಮಾನವಿದ್ದಿತು. ಕನ್ನಡದ ಪುಸ್ತಕಗಳೇ ಮಾಸ್ಕೋದಲ್ಲಿ ಅಚ್ಚಾಗಿ, ಗಟ್ಟಿ ರಟ್ಟಿನೊಡನೆ ಅಗ್ಗದ ಬೆಲೆಗೆ ನಮ್ಮ ಊರುಗಳ ಪುಸ್ತಕ ಪ್ರದರ್ಶನಗಳಿಗೆ ಬರುತ್ತಿದ್ದವು. 1991ರಲ್ಲಿ ಒಕ್ಕೂಟ ಒಡೆಯಿತು. ಆ ಪುಸ್ತಕಗಳು ನಿಂತವು. ರಷ್ಯನ್ ಬಲ್ಲವರಿಗಿದ್ದ ಬೇಡಿಕೆಯೂ ಕುಗ್ಗಿತು. ಆದರೆ ಟಾಲ್‌ಸ್ಟಾಯ್ ಕುಗ್ಗಲಿಲ್ಲ, ಚೆಕಾಫನೂ ಕುಗ್ಗಲಿಲ್ಲ. ಸಾಹಿತ್ಯಕ್ಕಾಗಿಯೋ ಗಣಿತಕ್ಕಾಗಿಯೋ ರಷ್ಯನ್ ಕಲಿತವನ ಗಂಟು ಅವನಲ್ಲಿಯೇ ಉಳಿಯಿತು. ಬರಿಯ ನೌಕರಿಗೆಂದು ಕಲಿತವನು ಕೈ ಹಿಸುಕಿಕೊಳ್ಳಬೇಕಾಯಿತು. ಇಂದು ಜರ್ಮನ್ ಮತ್ತು ಜಪಾನಿಗೆ ಇರುವ ಬೇಡಿಕೆ ಇನ್ನು ಹದಿನೈದು ವರ್ಷಕ್ಕೆ ಎಷ್ಟಿರುವುದೆಂದು ಯಾರೂ ಜಾಮೀನು ಕೊಡಲಾರರು.

ಆದುದರಿಂದ ನಾನು ಅವರಿಗೆ ಬೇರೊಂದು ಪ್ರಶ್ನೆಯನ್ನು ಕೊಟ್ಟು ಕಳಿಸುತ್ತೇನೆ. 'ನಾನು ಓದುತ್ತಿರುವ ವಿಷಯದ ಯಾವ ಬಾಗಿಲು ಇಂಗ್ಲಿಷಿನ ಚಾವಿಗೆ ತೆರೆಯುವುದಿಲ್ಲ?' ಪದವಿಗೆ ಜೋಡಿಯಾಗಬೇಕಾದ ಭಾಷೆ ಪದವಿಯ ಒಳಗಿನಿಂದಲೇ ಹುಟ್ಟಿಬರಬೇಕು. ಎತ್ತಿಗೆ ಎತ್ತು ಹೊಂದಿದರೆ ತಾನೆ ಬಂಡಿ ನಡೆಯುವುದು?

ಇದಕ್ಕೆ ದೂರದ ನಿದರ್ಶನಗಳು ಬೇಕಾಗಿಲ್ಲ. ಇತಿಹಾಸ ಓದುವವನನ್ನು ತೆಗೆದುಕೊಳ್ಳೋಣ. ನಮ್ಮ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯೇ ಮುಂದೆ ಹಂಪೆಯ ಕಲ್ಲುಬಂಡೆಗಳನ್ನು ಬಳಸಿ ಹೋಗುತ್ತಾಳೆ. ಆ ಹಂಪೆಯಲ್ಲಿ ಕೃಷ್ಣದೇವರಾಯನ ಮಹಾನವಮಿಯನ್ನೂ ಪೇಟೆಯ ಬೀದಿಗಳನ್ನೂ ಕಣ್ಣಾರೆ ಕಂಡು ಬರೆದವನು ಡೊಮಿಂಗೊ ಪಾಯೆಸ್. ಕಾಲ ಸುಮಾರು 1520. ಅವನ ನಂತರ ಅಚ್ಯುತರಾಯನ ಕಾಲದಲ್ಲಿ ಬರೆದವನು ಫೆರ್ನಾವ್ ನೂನಿಸ್. ಇಬ್ಬರೂ ಬರೆದುದು ಪೋರ್ಚುಗೀಜ್ ಭಾಷೆಯಲ್ಲಿ. ಆ ಬರಹಗಳು ಬಹುಕಾಲ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸರಿಂದ ಪ್ರಕಟವಾದವು. ಮದರಾಸಿನ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಎಂಬ ಗ್ರಂಥದಲ್ಲಿ ಅವುಗಳ ಇಂಗ್ಲಿಷ್ ಅನುವಾದವನ್ನು ಕೊಟ್ಟರು. ಅಂದಿನಿಂದ ಕನ್ನಡಿಗರು ವಿಜಯನಗರವನ್ನು ಕಾಣುತ್ತಿರುವುದು ಬಹುಮಟ್ಟಿಗೆ ಸಿವೆಲ್ಲರ ಕನ್ನಡಕದಿಂದ. 1443ರಲ್ಲಿ ಬಂದ ಅಬ್ದುಲ್ ರಜಾಕನದು ಪಾರಸಿ. ಚಾಲುಕ್ಯ ಪುಲಕೇಶಿಯನ್ನೂ ಅವನ ಪ್ರಜೆಗಳ ಕೆಚ್ಚನ್ನೂ ಬಣ್ಣಿಸಿದ ಹ್ಯೂಯೆನ್ ತ್ಸಾಂಗನದು ಚೀನೀ. ನಮ್ಮ ಅರಸರ ಚಿತ್ರಗಳು ಪರರ ಲಿಪಿಗಳಲ್ಲಿವೆ. ನಾವು ಅವುಗಳ ನಕಲಿನ ನಕಲನ್ನು ನೋಡಿ ಪರೀಕ್ಷೆಗೆ ಬರೆಯುತ್ತೇವೆ. ಇತಿಹಾಸದ ಪದವಿಯೊಡನೆ ಪೋರ್ಚುಗೀಜನ್ನೋ ಪಾರಸಿಯನ್ನೋ ಗಟ್ಟಿಯಾಗಿ ಕಲಿತ ಒಬ್ಬ ಹುಡುಗ ಮುಂಡರಗಿ ತಾಲ್ಲೂಕಿನಿಂದ ಹೊರಟರೆ ಅವನಿಗೆ ಮಾಡಲು ಒಂದು ಆಯುಷ್ಯದಷ್ಟು ಕೆಲಸವಿದೆ.

ನಮ್ಮ ತಾಲ್ಲೂಕಿನ ಡಂಬಳದಲ್ಲಿ ಬೌದ್ಧರ ತಾರಾದೇವಿಯನ್ನು ಸ್ತುತಿಸುವ ಶಾಸನವೊಂದಿದೆ. ಅದರ ಕಾಲ 1095. ಕರ್ನಾಟಕದಲ್ಲಿ ಬೌದ್ಧಧರ್ಮ ಅಷ್ಟು ತಡವಾಗಿಯೂ ಉಸಿರಾಡುತ್ತಿದ್ದಿತೆಂಬುದಕ್ಕೆ ಅದು ಸಾಕ್ಷಿ. ಆ ತಾರೆಯ ಉಪಾಸನೆಯನ್ನು ಬೆನ್ನುಹತ್ತುವ ವಿದ್ಯಾರ್ಥಿಗೆ ಸಂಸ್ಕೃತವೊಂದೇ ಸಾಲದು. ಸಂಸ್ಕೃತದಲ್ಲಿ ಕಳೆದುಹೋದ ಎಷ್ಟೋ ಬೌದ್ಧ ಗ್ರಂಥಗಳು ಉಳಿದಿರುವುದು ಟಿಬೆಟನ್ ಮತ್ತು ಚೀನೀ ಅನುವಾದಗಳಲ್ಲಿ. ಇತ್ತ ಲಕ್ಷ್ಮೇಶ್ವರಕ್ಕೆ ಬಂದರೆ ಅದು ಹಳೆಯ ಪುಲಿಗೆರೆ, ಜೈನರ ದೊಡ್ಡ ನೆಲೆ. ಕನ್ನಡ ಎಂ.ಎ. ಓದುವವರು ಪಂಪ ರನ್ನರನ್ನು ಓದದೆ ಮುಂದೆ ಹೋಗುವಂತಿಲ್ಲ. ಆ ಕಾವ್ಯಗಳ ಹಿಂದಿರುವ ಜೈನ ದರ್ಶನವನ್ನು ಆಧುನಿಕ ಕ್ರಮದಲ್ಲಿ ಶೋಧಿಸಿದವರಲ್ಲಿ ಜರ್ಮನರು ಮುಂದಿನ ಸಾಲಿನವರು. ಹೆಲ್ಮುಟ್ ಫಾನ್ ಗ್ಲಾಸೆನಾಪ್ ಜೈನಧರ್ಮವನ್ನು ಕುರಿತು 1925ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಸಿದ್ಧ ಗ್ರಂಥ ಇಂಗ್ಲಿಷಿಗೆ ಬಂದುದು 1999ರಲ್ಲಿ. ವಾಲ್ಟರ್ ಶುಬ್ರಿಂಗ್ ಅವರ 1935ರ ಗ್ರಂಥಕ್ಕೆ ಇಪ್ಪತ್ತೇಳು ವರ್ಷ ಹಿಡಿಯಿತು. ಜರ್ಮನ್ ಬಲ್ಲ ಕನ್ನಡ ವಿದ್ಯಾರ್ಥಿಯೊಬ್ಬ ಮೊದಲನೆಯ ಪುಸ್ತಕವನ್ನು ಎಪ್ಪತ್ತನಾಲ್ಕು ವರ್ಷ ಮುಂಚಿತವಾಗಿ ಓದಬಹುದಾಗಿದ್ದಿತು!

ವಿಜ್ಞಾನದವರೂ ಇದರಿಂದ ಹೊರತಲ್ಲ. ಕಪ್ಪತಗುಡ್ಡದ ಗಿಡಮೂಲಿಕೆಗಳ ಮೇಲೆ ಆಸೆಯಿಟ್ಟು ಸಸ್ಯಶಾಸ್ತ್ರ ಓದುವ ಹುಡುಗಿಯರು ನಮ್ಮಲ್ಲಿದ್ದಾರೆ. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯವೊಂದನ್ನು ಜಗತ್ತಿಗೆ ಪರಿಚಯಿಸಬೇಕಾದರೆ ಅದರ ವರ್ಣನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯುವುದು ಕಡ್ಡಾಯವಾಗಿದ್ದಿತು. 2012ರಿಂದ ಇಂಗ್ಲಿಷೂ ನಡೆಯುತ್ತದೆ. ಆದರೂ ಹಳೆಯ ವರ್ಣನೆಗಳು ಲ್ಯಾಟಿನ್ನಿನಲ್ಲಿಯೇ ಉಳಿದಿವೆ. ಅವಳಿಗೆ ಮಾತನಾಡುವ ಲ್ಯಾಟಿನ್ ಬೇಡ. ನಿಘಂಟಿನ ನೆರವಿನಿಂದ ಒಂದು ಪುಟವನ್ನು ಬಿಡಿಸಿಕೊಳ್ಳುವಷ್ಟು ಸಾಕು. ನರ್ಸಿಂಗ್ ಓದುವವಳ ಕಥೆ ಇದಕ್ಕೆ ತಿರುಗುಮುರುಗು. ಅವಳು ಜರ್ಮನಿಗೆ ಹೋಗುವುದಾದರೆ ರೋಗಿಯ ನೋವಿನ ಮಾತು ಅವಳಿಗೆ ತಿಳಿಯಬೇಕು, ಅವಳ ಸಮಾಧಾನದ ಮಾತು ರೋಗಿಗೆ ತಿಳಿಯಬೇಕು. ಒಂದೇ ಭಾಷೆಯಾದರೂ ಓದುವುದಕ್ಕೆ ಕಲಿಯುವುದು ಬೇರೆ, ಆಡುವುದಕ್ಕೆ ಕಲಿಯುವುದು ಬೇರೆ. ತನಗೆ ಯಾವುದು ಬೇಕೆಂದು ಮೊದಲೇ ಅರಿತವರು ಅರ್ಧ ದಾರಿ ನಡೆದಂತೆಯೇ ಸರಿ.

ಈಗ ನಮ್ಮ ಹುಡುಗರ ಮನಸ್ಸನ್ನು ಒಳಗೊಳಗೇ ಕೊರೆಯುವ ಇನ್ನೊಂದು ಅಂಜಿಕೆಗೆ ಬರುತ್ತೇನೆ. "ನಾವು ಕನ್ನಡ ಸಾಲ್ಯಾಗ ಕಲತವರು, ಇಂಗ್ಲೀಷ ಬರೋದs ಕಷ್ಟ, ಇನ್ನ ಜಪಾನಿ ಎಲ್ಲಿ ಬರತೈತ್ರಿ?" ಎನ್ನುತ್ತಾರೆ. ಇಂಗ್ಲಿಷನ್ನು ಏಣಿಯನ್ನಾಗಿ ಮಾಡಿಕೊಂಡೇ ಎಲ್ಲ ಭಾಷೆಗಳನ್ನೂ ಹತ್ತಬೇಕೆಂಬುದು ಒಂದು ಭ್ರಮೆ. ಕೆಲವು ಭಾಷೆಗಳಿಗೆ ಕನ್ನಡವೇ ಹೆಚ್ಚು ಹತ್ತಿರದ ಮೆಟ್ಟಿಲು.

ಜಪಾನಿಯನ್ನೇ ನೋಡಿ. ಮನೆಯಿಂದ ಹೊರಡುವಾಗ ನಮ್ಮಲ್ಲಿ 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕೆಂದು ಹಿರಿಯರು ತಿದ್ದುತ್ತಾರೆ. ಜಪಾನಿನ ಮಗುವೂ ಹೊಸಿಲು ದಾಟುವಾಗ ಹೇಳುವುದು 'ಇತ್ತೆ ಕಿಮಾಸು' ಎಂದು. 'ಇತ್ತೆ' ಎಂದರೆ ಹೋಗಿ, 'ಕಿಮಾಸು' ಎಂದರೆ ಬರುತ್ತೇನೆ. ಅಕ್ಷರಕ್ಕೆ ಅಕ್ಷರ ನಮ್ಮದೇ ಮಾತು! ನಾವು 'ತಿಂದು ನೋಡು' ಎನ್ನುವಲ್ಲಿ ಅವರೂ 'ತಿಂದು' ಎಂಬರ್ಥದ 'ತಾಬೆತೆ'ಗೆ 'ನೋಡು' ಎಂಬರ್ಥದ 'ಮಿರು'ವನ್ನು ಸೇರಿಸುತ್ತಾರೆ. 'ಬರೆದಿಡು' ಎನ್ನಲು 'ಕಾಯಿತೆ ಓಕು' ಎನ್ನುತ್ತಾರೆ. 'ಓಕು' ಎಂದರೆ ಇಡು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯ ನಾಮಪದದ ಬೆನ್ನಿಗೆ ಬರುತ್ತದೆ. 'ಗದಗಿನಿಂದ' ಎನ್ನಲು 'ಗದಗ ಕಾರಾ'. 'ನಿನ್ನೆ ಬಂದ ಮನುಷ್ಯ' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ಮನುಷ್ಯನನ್ನು ಮುಂದಕ್ಕೆ ತಂದು, 'ಯಾರು' ಎಂಬ ಮಾತನ್ನು ನಡುವೆ ಇಟ್ಟು, ವಾಕ್ಯವನ್ನು ಮಗುಚಿ ಹಾಕಬೇಕು. ಜಪಾನಿಯಲ್ಲಿ 'ಕಿನೋ ಕಿತ ಹಿತೊ' ಎಂದರೆ ಮುಗಿಯಿತು: ನಿನ್ನೆ, ಬಂದ, ಮನುಷ್ಯ. ಈ ಹೋಲಿಕೆಯಿಂದ ಎರಡೂ ಒಂದೇ ಕುಲದ ಭಾಷೆಗಳೆಂದು ಯಾರೂ ತಿಳಿಯಬಾರದು. ಅದಕ್ಕೆ ಒಪ್ಪತಕ್ಕ ಆಧಾರವಿಲ್ಲ. ಆದರೆ ಯೋಚನೆಯ ನಡಿಗೆ ಒಂದೇ ಬಗೆಯದು. ಇಂಗ್ಲಿಷರ ಮಗ ವರ್ಷಗಟ್ಟಲೆ ತಿಣುಕಿ ಅಭ್ಯಾಸ ಮಾಡಿಕೊಳ್ಳುವ ವಾಕ್ಯಕ್ರಮ ನಮ್ಮ ಹುಡುಗನ ನಾಲಗೆಯಲ್ಲಿ ಹುಟ್ಟಿನಿಂದಲೇ ಇದೆ.

ಕಷ್ಟವಿಲ್ಲವೆಂದು ನಾನು ಹೇಳುತ್ತಿಲ್ಲ. ಕಷ್ಟವಿರುವುದು ಅವರ ಬರವಣಿಗೆಯಲ್ಲಿ. ಹಿರಗಾನ, ಕಾತಾಕಾನ ಎಂಬ ಎರಡು ಅಕ್ಷರಮಾಲೆಗಳನ್ನು ನಮ್ಮ ಕಾಗುಣಿತ ಬಲ್ಲವರು ಒಂದು ತಿಂಗಳಿನಲ್ಲಿ ವಶಮಾಡಿಕೊಳ್ಳಬಹುದು. ಆಮೇಲೆ ಬರುವ ಕಾಂಜಿ ಎಂಬ ಚಿತ್ರಲಿಪಿ ಬೆಟ್ಟದಂತೆ ನಿಲ್ಲುತ್ತದೆ. ದಿನಬಳಕೆಗೆಂದು ಅಲ್ಲಿನ ಸರ್ಕಾರ ಗೊತ್ತುಮಾಡಿರುವ ಪಟ್ಟಿಯಲ್ಲಿಯೇ 2,136 ಅಕ್ಷರಗಳಿವೆ. ದಿನಕ್ಕೆ ಎರಡರಂತೆ ಕಲಿತರೂ ಮೂರು ವರ್ಷ, ಅಂದರೆ ಸರಿಯಾಗಿ ಒಂದು ಪದವಿಯ ಅವಧಿ.

ಜರ್ಮನ್ನಿನ ನಾಲ್ಕು ವಿಭಕ್ತಿಗಳೂ ರಷ್ಯನ್ನಿನ ಆರು ವಿಭಕ್ತಿಗಳೂ ಇಂಗ್ಲಿಷ್ ಮಾತ್ರ ಬಲ್ಲವನಿಗೆ ಭೂತದಂತೆ ಕಾಣುತ್ತವೆ. ಪ್ರಾಥಮಿಕ ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ' ಎಂದು ರಾಗವಾಗಿ ಬಾಯಿಪಾಠ ಮಾಡಿದವರಿಗೆ ವಿಭಕ್ತಿಯೆಂದರೇನೆಂದು ವಿವರಿಸಬೇಕೆ? 'ಅವನು ವಿದ್ಯಾರ್ಥಿ' ಎಂದು ಕ್ರಿಯಾಪದವಿಲ್ಲದೆ ನಾವು ಹೇಳುವಂತೆಯೇ ರಷ್ಯನ್ನರೂ 'ಓನ್ ಸ್ತುದೆಂತ್' ಎಂದಷ್ಟೇ ಹೇಳಿ ಮುಗಿಸುತ್ತಾರೆ. ಜರ್ಮನ್ನಿನಲ್ಲಿ ನಮ್ಮನ್ನು ಗಾಸಿಗೊಳಿಸುವುದು ಲಿಂಗವ್ಯವಸ್ಥೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಅಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು, ಹುಡುಗಿ ನಪುಂಸಕ! ತರ್ಕ ಹುಡುಕದೆ, ಪ್ರತಿ ಶಬ್ದವನ್ನೂ ಅದರ ಲಿಂಗದೊಡನೆಯೇ ಕಂಠಪಾಠ ಮಾಡುವುದೊಂದೇ ದಾರಿ. ಫ್ರೆಂಚಿನಲ್ಲಿ ಬರೆದಂತೆ ಓದುವ ನಮ್ಮ ಅಭ್ಯಾಸಕ್ಕೆ ಪೆಟ್ಟು ಬೀಳುತ್ತದೆ. ಬರೆದ ಅಕ್ಷರಗಳಲ್ಲಿ ಎಷ್ಟೋ ಅಲ್ಲಿ ಬಾಯಿಗೆ ಬರುವುದೇ ಇಲ್ಲ. ಹೀಗೆ ಒಂದೊಂದರ ಸುಲಭ, ಒಂದೊಂದರ ಕಷ್ಟ ತಿಳಿದು ಆರಿಸಿಕೊಳ್ಳುವುದು ಒಳಿತು.

ಕಲಿಯುವುದಕ್ಕೆ ಆಧಾರ ಬೇಕೆನ್ನುವವರಿಗೆ ಗದಗ ಬೆಟಗೇರಿಯೇ ಒಂದು ಪಾಠ ಹೇಳುತ್ತದೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅವರ ಮತಪ್ರಚಾರದ ವಿಚಾರ ಬೇರೆ. ಅವರ ಭಾಷಾಕಲಿಕೆಯ ಛಲ ಎಲ್ಲರೂ ಒಪ್ಪತಕ್ಕದ್ದು. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಬಂದವರು. ಏಳು ವರ್ಷಗಳಲ್ಲಿ, 1843ರಲ್ಲಿ, 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟರು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಇಪ್ಪತ್ತೊಂದರ ವಯಸ್ಸಿನಲ್ಲಿ, ಇಂದಿನ ನಮ್ಮ ಪದವಿ ವಿದ್ಯಾರ್ಥಿಯ ವಯಸ್ಸಿನಲ್ಲಿ, ಕನ್ನಡನಾಡಿಗೆ ಬಂದರು. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ನಾಲ್ಕು ದಶಕಗಳ ದುಡಿಮೆ ಅದು. ಅವರಿಗೆ ವರ್ಗ ನಡೆಸುವ ಸಂಸ್ಥೆಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಜನರ ಮಾತಿಗೆ ಕಿವಿಗೊಡುವ ತಾಳ್ಮೆಯಿದ್ದಿತು. ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಜರ್ಮನ್ ವಿದ್ವಾಂಸನ ಈ ಮಹಾಕೃತಿ ಕನ್ನಡದಿಂದ ಜರ್ಮನ್ನಿಗೆ ಸೇತುವೆಯಾಗದೆ ಇಂಗ್ಲಿಷಿಗೆ ಸೇತುವೆಯಾಯಿತು. ಅಂದಿನ ಆಳ್ವಿಕೆಯ ಕಾಲಕ್ಕೆ ಅದು ಸಹಜವೇ. ಆದರೆ ಕನ್ನಡಕ್ಕೂ ಜರ್ಮನ್ನಿಗೂ ನೇರ ಹಾದಿ ಕಟ್ಟುವ ಕೆಲಸ ನಮ್ಮ ಪಾಲಿಗೆ ಬಹುಮಟ್ಟಿಗೆ ಉಳಿದಿದೆ.

ನಮ್ಮವರಲ್ಲಿ ಆ ಛಲದವರಿರಲಿಲ್ಲವೆ? ಮಂಜೇಶ್ವರದ ಗೋವಿಂದ ಪೈಗಳು ತಂದೆಯವರು ತೀರಿಕೊಂಡುದರಿಂದ ಬಿ.ಎ. ಓದನ್ನು ನಡುವೆಯೇ ಬಿಟ್ಟು ಮದರಾಸಿನಿಂದ ಮರಳಬೇಕಾಯಿತು. ಗಡಿನಾಡಿನ ಆ ಊರಿನಲ್ಲಿ ಕುಳಿತೇ ಅವರು ದೇಶವಿದೇಶಗಳ ಹಲವಾರು ಭಾಷೆಗಳನ್ನು ಅಭ್ಯಾಸ ಮಾಡಿ, ಆ ಜ್ಞಾನವನ್ನೆಲ್ಲ ಕನ್ನಡದ ಕಾವ್ಯಕ್ಕೂ ಸಂಶೋಧನೆಗೂ ಸುರಿದರು. ಭಾಷೆಗೆ ಪದವಿ ಜೋಡಿಯಾಗದಿದ್ದರೂ ಉದ್ದೇಶ ಜೋಡಿಯಾದರೆ ಸಾಕೆಂಬುದಕ್ಕೆ ಅವರೇ ನಿದರ್ಶನ.

ಉದ್ದೇಶ ಗೊತ್ತಾದ ಮೇಲೆ ಉಳಿಯುವುದು ವ್ಯವಹಾರದ ಮಾತು. ಯುರೋಪಿನ ಭಾಷೆಗಳಿಗೆ ಈಗ ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳ ಅಳತೆಗೋಲಿದೆ; ಜಪಾನಿಗೆ ಎನ್-5ರಿಂದ ಎನ್-1ರವರೆಗೆ ಐದು ಮೆಟ್ಟಿಲು. ಮೊದಲ ಮೆಟ್ಟಿಲೆಂದರೆ ಹೆಸರು, ಊರು, ಅಂಗಡಿಯ ಮಾತು. ಅದು ಯಾವ ಬಾಗಿಲನ್ನೂ ತೆರೆಯದು. ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವಿಲ್ಲವೆಂಬುದು ನಿಜ. ಆದರೆ ಅಲ್ಲಿನ ಪದವಿ ತರಗತಿಗಳ ಬಹುಪಾಲು ನಡೆಯುವುದು ಜರ್ಮನ್ನಿನಲ್ಲಿಯೇ. ಅದಕ್ಕೆ ನಾಲ್ಕನೆಯ ಮೆಟ್ಟಿಲಾದರೂ ದಾಟಿರಬೇಕು. 'ಎರಡೇ ತಿಂಗಳಲ್ಲಿ ಜರ್ಮನ್' ಎಂಬ ಜಾಹೀರಾತನ್ನು ನಂಬಿ ಎತ್ತಿನ ಜೋಡಿ ಮಾರಿದ ಹಣ ಕಟ್ಟಿದವರನ್ನು ನಾನು ಬಲ್ಲೆ. ಎರಡು ತಿಂಗಳಲ್ಲಿ ಜೋಳವೂ ತೆನೆ ಬಲಿಯುವುದಿಲ್ಲ, ಭಾಷೆ ಬಲಿಯುವುದೆ? ಎರಡು ಮೂರು ಭಾಷೆಗಳ ಮೊದಲ ಮೆಟ್ಟಿಲನ್ನು ಮುಟ್ಟಿ ಬರುವುದಕ್ಕಿಂತ ಒಂದರಲ್ಲಿ ನಾಲ್ಕು ಮೆಟ್ಟಿಲು ಏರುವುದು ಮೇಲು. ಕಲಿಸುವವರು ಹತ್ತಿರ ಸಿಗುವರೆ, ಪುಸ್ತಕ ದೊರೆಯುವುದೆ, ದಿನಕ್ಕೊಂದು ತಾಸಿನಂತೆ ಮೂರು ವರ್ಷ ತಪ್ಪದೆ ನಡೆಸಬಲ್ಲೆನೆ ಎಂದು ಕೇಳಿಕೊಂಡು, ಮೂರಕ್ಕೂ ಹೌದೆಂಬ ಉತ್ತರ ಬಂದರೆ ಹಿಂದೆಗೆಯಬಾರದು.

ಕೈಯಲ್ಲಿರುವ ಮೊಬೈಲೇ ಯಾವ ಭಾಷೆಯನ್ನಾದರೂ ಕ್ಷಣದಲ್ಲಿ ಅನುವಾದಿಸಿಕೊಡುವಾಗ ಈ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಆ ಯಂತ್ರ ಉಪಕಾರಿಯೇ. ರೈಲ್ವೆ ನಿಲ್ದಾಣದಲ್ಲಿ ದಾರಿ ಕೇಳಲು ಸಾಕು. ಆದರೆ ಅದು ಕೊಟ್ಟ ಅನುವಾದ ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಒಂದು ಉದಾಹರಣೆ ಕೊಡುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ತೀರದ ಪಾತ್ರಗಳು ತಮ್ಮದೇ ಭಾಷೆಯಲ್ಲಿ ಆಡುವ ಮಾತುಗಳಿವೆ. ಅವು ಕನ್ನಡವಿರಬಹುದೆಂದು ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಟ್ಶ್ ಸೂಚಿಸಿದರು, ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅದನ್ನು ಎತ್ತಿಹಿಡಿದರು. ಬಾರ್ನೆಟ್ ಅದನ್ನು ಒಪ್ಪಲಿಲ್ಲ. ಒಂದು ಶತಮಾನ ಕಳೆದರೂ ಒಮ್ಮತವಿಲ್ಲ. ಈ ವ್ಯಾಜ್ಯವನ್ನು ತೀರಿಸಬಲ್ಲವನು ಗ್ರೀಕನ್ನೂ ಹಳಗನ್ನಡವನ್ನೂ ಸಮನಾಗಿ ಬಲ್ಲ ಮನುಷ್ಯನೇ. ಯಂತ್ರ ಎರಡು ಕಡೆಯ ವಾದವನ್ನೂ ಅಷ್ಟೇ ಧೈರ್ಯದಿಂದ ಬರೆದುಕೊಟ್ಟೀತು.

ಕೊನೆಯದಾಗಿ, ಇದು ಒಬ್ಬೊಬ್ಬರ ಪಗಾರದ ಪ್ರಶ್ನೆಯಷ್ಟೇ ಅಲ್ಲವೆಂದು ಅಧ್ಯಾಪಕ ಮಿತ್ರರಲ್ಲಿಯೂ ಅರಿಕೆಮಾಡುತ್ತೇನೆ. ಟಾಲ್‌ಸ್ಟಾಯ್, ಇಬ್ಸನ್, ಬ್ರೆಖ್ಟ್, ಕಾಫ್ಕಾ ಇವರೆಲ್ಲ ಕನ್ನಡಕ್ಕೆ ಬಹುಪಾಲು ಇಂಗ್ಲಿಷಿನ ಕಿಟಕಿಯಿಂದಲೇ ಬಂದರು. ಆ ಕಿಟಕಿಗೆ ನಾವು ಋಣಿಗಳು. ಆದರೆ ದೊಡ್ಡ ಮನೆಗೆ ಒಂದೇ ಕಿಟಕಿಯಿದ್ದರೆ ಒಳಗಿನವರಿಗೆ ಬೀದಿಯ ಒಂದು ಮಗ್ಗುಲೇ ಕಾಣುತ್ತದೆ. ಒಂದೊಂದು ಕಾಲೇಜಿನಿಂದ ವರ್ಷಕ್ಕೆ ಒಬ್ಬಿಬ್ಬರಾದರೂ ಪರಭಾಷೆಯೊಂದನ್ನು ಮೂಲದಲ್ಲಿಯೇ ಓದುವಷ್ಟು ಕಲಿತು, ಕಲಿತುದರಲ್ಲಿ ಹತ್ತು ಪುಟಗಳನ್ನಾದರೂ ಕನ್ನಡಕ್ಕೆ ತಂದರೆ, ಹತ್ತು ವರ್ಷಗಳಲ್ಲಿ ಈ ಮನೆಗೆ ಎಷ್ಟು ಕಿಟಕಿಗಳಾದಾವು! ಹೊರನಾಡಿಗೆ ಹೋಗುವವರು ಹೋಗಲಿ, ದುಡಿಯಲಿ. ಹೊಸಿಲು ದಾಟುವಾಗ ಯಾವ ಭಾಷೆಯಲ್ಲಾದರೂ ಸರಿಯೆ, 'ಹೋಗಿ ಬರುತ್ತೇನೆ' ಎನ್ನಲಿ. ಬರುವಾಗ ಬರಿಗೈಯಲ್ಲಿ ಬಾರದಿರಲಿ.